ಉತ್ತರಕ್ಕೆಂದು ಇಟ್ಟ ಸ್ಟಾಂಪು

ಮಲ್ಲಿಪಟ್ಟಣದಲ್ಲಿ ಹಿಟ್ಟಿನ ಮಿಲ್ಲು ನಡೆಸುವ ಚಿಕ್ಕಲಕ್ಷ್ಮಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ. ರಾಗಿಯಲ್ಲಿ ಕಲ್ಲು ಬಿಟ್ಟು ತಂದವರಿಗೂ ಬೈಗುಳ, ಬೀಸಿದ ಹಿಟ್ಟು ಮುಟ್ಟಿ ನೋಡಿ ತರಿಯಾಯಿತು ಎಂದವರಿಗೂ ಬೈಗುಳ. ಗಂಡ ಹೋದ ಮೇಲೆ ಯಾರ ಮುಂದೆಯೂ ಕೈಯೊಡ್ಡದೆ ಬಾಳಿದೆ ಎನ್ನುವುದೇ ಅವಳ ಮೈಮೇಲಿನ ಒಡವೆ. ಆ ಒಡವೆಗೆ ಕೈಹಾಕಿದವಳು ಸ್ವಂತ ಅಕ್ಕ, ಹೊಳೆನರಸೀಪುರದ ರೇವಮ್ಮ.

ತಂಗಿಯ ಗಂಡ ಸತ್ತ ವರ್ಷ ದೀಪಾವಳಿಗೆ ಬಾ ಎಂದು ರೇವಮ್ಮ ಕಾಗದ ಬರೆಸಿದ್ದಳು. ಅದರೊಳಗೆ ದೀಪದ ಚಿತ್ರವಿದ್ದ ಐದು ರೂಪಾಯಿಯ ಹಬ್ಬದ ಸ್ಟಾಂಪು. 'ಉತ್ತರಕ್ಕೆ ಇಟ್ಟಿದ್ದೇನೆ' ಎಂದು ಕೊನೆಗೊಂದು ಸಾಲು. ಚಿಕ್ಕಲಕ್ಷ್ಮಮ್ಮನ ಮೈ ಉರಿದುಹೋಯಿತು.

"ಸ್ಟಾಂಪು ತಕ್ಕೊಳಾಕೂ ಗತಿ ಇಲ್ದೋಳು ಅಂದ್ಕೊಂಡ್ಳಾ ನನ್ನ?"

ಉತ್ತರವೂ ಹೋಗಲಿಲ್ಲ, ಅವಳೂ ಹೋಗಲಿಲ್ಲ. ಸ್ಟಾಂಪನ್ನು ಒಲೆಗೆ ಹಾಕಲು ಹೊರಟವಳಿಗೆ ದೀಪ ಕಂಡು ಮನಸ್ಸು ಬರದೆ, ದೇವರ ಗೂಡಿನಲ್ಲಿಟ್ಟಳು. ಗೂಡು ಸೇರಿದ ಮೇಲೆ ಬಿಡುವುದುಂಟೇ? ಶುಕ್ರವಾರ ಬಂದರೆ ಅದಕ್ಕೂ ಕುಂಕುಮ. ಅಕ್ಕನ ಮೇಲೆ ಹಲ್ಲು ಕಡಿಯುತ್ತಲೇ ಅಕ್ಕನ ಸ್ಟಾಂಪಿಗೆ ಪೂಜೆ! ಹೀಗೇ ಹದಿನೈದು ವರ್ಷ ಕಳೆಯಿತು.

ಹಳೆಯ ಹಬ್ಬದ ಸ್ಟಾಂಪಿಗೆ ಸಾವಿರಗಟ್ಟಲೆ ಬೆಲೆಯೆಂದು ಮಗಳು ಧನ್ಯಾ ಮೊಬೈಲಿನಲ್ಲಿ ನೋಡಿದ್ದೇ ತಡ, ಅವ್ವನನ್ನು ಹಾಸನದ ಅಂಗಡಿಯೊಂದಕ್ಕೆ ಕರೆದೊಯ್ದಳು. ಹಳೆ ನಾಣ್ಯ, ಹಳೆ ಸ್ಟಾಂಪು ಕೊಳ್ಳುವ ಅಂಗಡಿ. ಅಲ್ಲಿಯವನು ಭೂತಗನ್ನಡಿ ಹಿಡಿದು ನೋಡಿ ಮೂಗು ಮುರಿದ.

"ಇಂಥವು ಬೇಕಾದಷ್ಟು ಅಚ್ಚಾಗಿವೆ ಅಮ್ಮ. ಚೊಕ್ಕಟವಾಗಿದ್ರೆ ಹತ್ತೋ ಇಪ್ಪತ್ತೋ ಕೊಡ್ತಿದ್ದೆ. ಕುಂಕುಮ ಮೆತ್ತಿ ಹಾಳು ಮಾಡಿದೀರ. ಇದು ಕಸ."

"ಯಾವ್ದಯ್ಯ ಕಸ?" ಚಿಕ್ಕಲಕ್ಷ್ಮಮ್ಮನ ದನಿಗೆ ಬೀದಿಯವರು ತಿರುಗಿ ನೋಡಿದರು. "ನಿನ್ ಗಲ್ಲಾಪೆಟ್ಗೆಗೂ ಕುಂಕುಮ ಇಕ್ಕಿದ್ದೀಯಲ್ಲ, ಅದೂ ಕಸ್ವಾ? ನಮ್ಮಕ್ಕ ಕೊಟ್ಟಿದ್ದು ಕಣಯ್ಯ ಇದು! ಗಂಡನ್ನ ಕಳ್ಕೊಂಡು ಮೂಲೇಲಿ ಕುಂತಿದ್ದಾಗ, ಅಬ್ಬಕ್ಕೆ ಬಾ ಅಂತ ಕರೆದೋಳು ಅವ್ಳೊಬ್ಳೇ!"

ಅಂದವಳೇ ಅವನ ಕೈಯಿಂದ ಸ್ಟಾಂಪನ್ನು ಕಿತ್ತುಕೊಂಡಳು. ಇಷ್ಟು ವರ್ಷ ಯಾರ ಮೇಲೆ ಸಿಟ್ಟು ಮಾಡಿದೆ ತಾನು? ಈಗ ಆ ಸಿಟ್ಟೆಲ್ಲ ತನ್ನ ಮೇಲೆಯೇ ತಿರುಗಿಬಿತ್ತು.

"ಐದ್ ರೂಪಾಯ್ಗೆ ಈಗ್ಲೂ ಕಾಗ್ದ ಓಯ್ತದಾ?"

"ಮಾಮೂಲಿ ಕಾಗದ ಹೋಗುತ್ತೆ."

"ಅಂಗಾರೆ ಗೋಂದು ಕೊಡು ಇತ್ಲಾಗೆ."

"ಫೋನ್ ಮಾಡವ್ವ" ಎಂದಳು ಧನ್ಯಾ.

"ಸುಮ್ಕಿರು! ಕಾಗ್ದಕ್ಕೆ ಕಾಗ್ದವೇ ಉತ್ರ."

ಪಕ್ಕದ ಅಂಗಡಿಯಿಂದ ಹಾಳೆ, ಕವರು ತರಿಸಿ, ಸ್ಟಾಂಪಿನವನ ಮೇಜಿನ ಮೇಲೆಯೇ ಕುಂಕುಮದ ಸ್ಟಾಂಪನ್ನು ಕವರಿಗೆ ಒತ್ತಿ ಅಂಟಿಸಿದಳು. ಆಮೇಲೆ ಮಗಳ ಕೈಯಲ್ಲಿ ಬರೆಸಿದಳು:

"ಅಕ್ಕಯ್ಯ, ನೀನು ಇಟ್ಟಿದ್ದ ಸ್ಟಾಂಪನ್ನೇ ಅಂಟ್ಸಿವ್ನಿ. ನಾನು ಒಳಗಡೆ ಸ್ಟಾಂಪು ಇಟ್ಟಿಲ್ಲ. ನೀನು ಉತ್ರ ಬರೀಬ್ಯಾಡ. ದೀಪಾವಳಿಗೆ ನಾನೇ ಬತ್ತಾ ಇವ್ನಿ."