ಬೀಗ ಹಾಕಿದ ಕೋಣೆಯ ಕೆರೆತ

ನಮ್ಮತ್ತೆ ತೀರಿಕೊಂಡ ಗಳಿಗೆ ಚೆನ್ನಾಗಿರಲಿಲ್ಲವಂತೆ. ಧನಿಷ್ಠಾ ಪಂಚಕ, ಆರು ತಿಂಗಳು ಅವರ ಕೋಣೆ ತೆರೆಯಕೂಡದು ಅಂದರು ಪುರೋಹಿತರು. ಹಾಸಿಗೆ ಹಾಸಿದ್ದು ಹಾಸಿದ ಹಾಗೇ ಇರುವಾಗಲೇ ಯಜಮಾನರು ಬೀಗ ಜಡಿದರು. ನಾನೋ ವರ್ಷಗಟ್ಟಲೆ ಆಯಮ್ಮನ ಜೊತೆ ಜಗಳ ಆಡಿದವಳು, ಈಗ ಬಾಯಿ ಹಾಕಿದರೆ ಸೊಸೆ ಬುದ್ಧಿ ತೋರಿಸಿದಳು ಅಂತಾರೆ.

ಕೆಲವು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಆ ಕೋಣೆಯೊಳಗಿಂದ ಸದ್ದು ಬಂತು. ಪರಪರ, ಪರಪರ. ಅತ್ತೆಗೆ ಕಾಲಲ್ಲಿ ಒಣ ತುರಿಕೆ ಇತ್ತು, ಊಟ ಆದ ಮೇಲೆ ಮಂಚದಲ್ಲಿ ಕೂತು ಹೀಗೇ ಕೆರೆದುಕೊಳ್ಳೋರು. ನನ್ನ ಕೈಲಿದ್ದ ತಟ್ಟೆ ಜಾರಿಬಿಟ್ಟಿತು.

"ಅಮ್ಮ ಕಣೇ," ಅಂದರು ಯಜಮಾನರು ಮೆಲ್ಲಗೆ.

ವಿದ್ಯಾರಣ್ಯಪುರಂ ಬೀದಿಯಲ್ಲಿ ಸೊಪ್ಪಿನವಳು ಕೂಗ್ತಾ ಹೋಗ್ತಿದ್ದಾಳೆ, ಮನೆಯೊಳಗೆ ನಾನು ನಡುಮಧ್ಯಾಹ್ನ ದೇವರ ದೀಪ ಹಚ್ಚುತ್ತಿದ್ದೇನೆ. ಆಮೇಲೆ ದಿನಾ ಅದೇ ಆಯಿತು. ಯಜಮಾನರು ಆ ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಕೂರತೊಡಗಿದರು. ನಾನು ಆ ಕಡೆ ತಲೆ ಹಾಕಲಿಲ್ಲ.

ಈ ನಡುವೆ ಅತ್ತೆಯ ಬೆಕ್ಕು ಸೊರಗಿತು. "ಕಳ್ಳಿ, ಕಳ್ಳಿ" ಅಂತ ಬೈತಾನೇ ಅವರು ಕೆನೆ ಹಾಕಿ ಸಾಕಿದ ಬೆಕ್ಕು ಅದು. ಬಾಲದ ಬುಡದಲ್ಲಿ ಕೂದಲು ಉದುರಿ, ಕುತ್ತಿಗೆ ಹುಣ್ಣಾಯಿತು. ಯಜಮಾನರು ಅಮ್ಮನ ಮದ್ದೇ ಮಾಡಿದರು, ಕರ್ಪೂರ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ. ಅದು ಎಣ್ಣೆಯನ್ನೆಲ್ಲ ನೆಕ್ಕಿಕೊಂಡು, ಜೊಲ್ಲು ಸುರಿಸುತ್ತಾ ಗಡಗಡ ನಡುಗಿತು.

"ಅಮ್ಮ ಎತ್ತಿ ಸಾಕಿದ ಜೀವ, ಇದೂ ಹೋದರೆ ನಾನೇನು ಮಾಡ್ಲೇ!" ಅಂತ ಆ ಗಂಡಸು ಅತ್ತೇಬಿಟ್ಟರು. ಬುಟ್ಟಿಯಲ್ಲಿ ಹಾಕಿಕೊಂಡು ಜಯಲಕ್ಷ್ಮಿಪುರಂನ ಪ್ರಾಣಿ ಡಾಕ್ಟರ ಹತ್ತಿರ ಓಡಿದೆವು.

ಡಾಕ್ಟರಮ್ಮ ಮೊದಲು ಎಣ್ಣೆ ತೊಳೆಸಿದರು, ಇಂಜೆಕ್ಷನ್ ಕೊಟ್ಟರು, ಆಮೇಲೆ ಬೈದರು. "ಕರ್ಪೂರ ಬೆಕ್ಕಿಗೆ ವಿಷ ಕಣ್ರೀ! ಬಿಡದೆ ಕೆರೀತಿದ್ದರೆ, ಕೂದಲು ಉದುರಿದರೆ ಆಗಲೇ ತರಬೇಕು. ಹುಣ್ಣಾಗೋವರೆಗೆ ಕಾಯ್ತಾರಾ?" ಬಾಚಿದಾಗ ಕರಿ ಪುಡಿ ಉದುರಿತು. ಒದ್ದೆ ಹತ್ತಿಯ ಮೇಲೆ ಹಾಕಿದರೆ ರಕ್ತದ ಹಾಗೆ ಕೆಂಪಗಾಯಿತು. "ಚಿಗಟ. ಅದು ಕುಡಿದ ರಕ್ತವೇ ಈ ಪುಡಿ. ಔಷಧಿ ಹಾಕ್ತೀನಿ, ಆದರೆ ಮೊಟ್ಟೆ ಇರೋದು ಮಲಗೋ ಜಾಗದಲ್ಲಿ. ಅದನ್ನ ಶುಚಿ ಮಾಡದಿದ್ದರೆ ಮತ್ತೆ ಹತ್ತುತ್ತೆ, ಈ ಬೆಕ್ಕು ತಡೆಯಲ್ಲ. ಎಲ್ಲಿ ಮಲಗುತ್ತೆ?"

"ಗೊತ್ತಿಲ್ಲ, ಊಟದ ಹೊತ್ತಾದ ಮೇಲೆ ಮಾಯ ಆಗುತ್ತೆ," ಅಂದೆ. ಅಂದವಳು ಯಜಮಾನರ ಮುಖ ನೋಡಿದೆ. ಕೋಣೆಯಿಂದ ಸದ್ದು ಬರೋದೂ ಅದೇ ಹೊತ್ತಿಗೆ.

ಮನೆಗೆ ಬಂದು ಬೀಗದ ಕೈ ಕೇಳಿದೆ.

"ಇನ್ನೂ ಆರು ತಿಂಗಳಾಗಿಲ್ಲ ಕಣೇ, ದೋಷ..."

"ದೋಷ ನನ್ನ ತಲೆ ಮೇಲಿರಲಿ ಕೊಡಿ. ನಿಮ್ಮಮ್ಮ ಇದ್ದಿದ್ದರೆ ದೋಷ ನೋಡೋರೋ, ಬೆಕ್ಕು ನೋಡೋರೋ?"

ಕೊಟ್ಟರು. ಬಾಗಿಲು ತೆಗೆದರೆ, ಹಿತ್ತಲ ಕಡೆಯ ಕಿಟಕಿಯ ಒಡೆದ ಗಾಜಿಗೆ ಬೆಕ್ಕಿನ ಕೂದಲು ಅಂಟಿತ್ತು. ಹಾಸಿಗೆಯಲ್ಲಿ ಅತ್ತೆ ಮಲಗಿ ಮಲಗಿ ಆದ ತಗ್ಗು ಹಾಗೇ ಇತ್ತು, ಅದರ ನಡುವೆ ಬೆಕ್ಕು ಸುತ್ತಿಕೊಂಡು ಮಲಗಿದ ಗುರುತು. ನನಗೆ ಅಳು ತಡೆಯಲಾಗಲಿಲ್ಲ.

ಹಾಸಿಗೆ ಸುಟ್ಟಿದ್ದಾಯಿತು, ಕೋಣೆ ತೊಳೆದಿದ್ದಾಯಿತು. ಬೆಕ್ಕಿಗೆ ಕೂದಲು ತುಂಬಿಕೊಂಡಿದೆ. ಯಜಮಾನರು ಊಟ ಆದ ಮೇಲೆ ಈಗಲೂ ಅದೇ ಕುರ್ಚಿಯಲ್ಲಿ ಕೂರ್ತಾರೆ, ಬೆಕ್ಕು ಅವರ ತೊಡೆ ಮೇಲೆ ನಿದ್ದೆ ಹೊಡೆಯುತ್ತೆ.

ಮೊನ್ನೆ ಅಂದರು, "ಸದ್ದೇ ಇಲ್ಲ ಅಲ್ವೇನೇ."

"ಇಲ್ಲ ಬಿಡಿ," ಅಂದೆ. ಆ ಹೊತ್ತಿಗೆ ನಾನೂ ಪಾತ್ರೆ ಬೆಳಗೋದು ನಿಲ್ಲಿಸಿ ಕಿವಿಗೊಟ್ಟು ನಿಲ್ತೀನಿ ಅಂತ ಹೇಳಲಿಲ್ಲ.