ಹೊಗೆ ಹಾಕದ ಮಳೆಗಾಲ

ಶಿರಾಕ್ಕೆ ಬಂದ ಮೊದಲ ದಿನ ನಲ್ಲಿಯ ನೀರು ಕುಡಿದು ಹೆದರಿಕೊಂಡೆ. ಆ ನೀರಿಗೆ ರುಚಿಯೇ ಇರಲಿಲ್ಲ. ನಮ್ಮದು ವೈ.ಎನ್. ಹೊಸಕೋಟೆಯಿಂದ ಇನ್ನೂ ಒಳಗಿರುವ ಒಂದು ಹಟ್ಟಿ. ಅಲ್ಲಿ ಬೋರಿನ ನೀರು ಗಂಟಲಲ್ಲಿ ಇಳಿಯುವಾಗ ನೀರು ಇಳಿಯುತ್ತಿದೆ ಎಂದು ಚೆನ್ನಾಗಿ ಗೊತ್ತಾಗುತ್ತದೆ. ಬೇಳೆ ಬೇಯುವುದಿಲ್ಲ, ಸೋಪಿಗೆ ನೊರೆ ಬರುವುದಿಲ್ಲ, ಆದರೂ ಅದೇ ನಮಗೆ ನೀರು. ಲೋಟ ಹಿಡಿದುಕೊಂಡು ಕೆಳಗಿಳಿದು ಹೋಗಿ ಮನೆಯೊಡತಿಯನ್ನು ಕೇಳಿದೆ, ನೀರು ಕೆಟ್ಟಿದೆಯಾ ಎಂದು. ಆಕೆ ನನ್ನ ಲೋಟದಿಂದಲೇ ಒಂದು ಗುಟುಕು ಕುಡಿದು ನೋಡಿದರು.

"ಕೆಟ್ಟಿಲ್ಲ ಬೇಟಿ, ಹೊಳೆ ನೀರು ಇದು. ನೀರು ಅಂದ್ರೆ ಇಂಗೇ ಇರ್ಬೇಕು," ಎಂದರು.

ಮೂವತ್ತು ದಾಟಿದ ಮೇಲೆ ನೀರು ಹೇಗಿರಬೇಕು ಎಂದು ಇನ್ನೊಬ್ಬರಿಂದ ಹೇಳಿಸಿಕೊಂಡೆ. ಅವತ್ತಿಗೆ ಅಷ್ಟೇ ಸಾಕಾಗಿತ್ತು, ಮೇಲೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಪಾವಗಡ ತಾಲೂಕಿನಿಂದ ಶಿರಾಕ್ಕೆ ಬಂದದ್ದನ್ನೂ ವಲಸೆ ಎನ್ನುತ್ತಾಳಲ್ಲ ಎಂದು ನೀವು ನಗಬಹುದು. ಬಸ್ಸಿನಲ್ಲಿ ಕೂತರೆ ಒಂದು ನಿದ್ದೆಯ ದಾರಿ. ನಮ್ಮ ಹಿರಿಯರು ಕುರಿ ಹೊಡೆದುಕೊಂಡು ಇದಕ್ಕಿಂತ ದೂರ ನಡೆದು ಹೋಗಿದ್ದಾರೆ. ಆದರೆ ಅವರು ಕುರಿಯ ಜೊತೆ ಹೋಗಿ ಕುರಿಯ ಜೊತೆಯೇ ತಿರುಗಿ ಬಂದವರು. ಕುರಿ ಬಿಟ್ಟು ಹೊರಟವಳು ನಮ್ಮ ಮನೆಯಲ್ಲಿ ನಾನೇ ಮೊದಲು.

ಬಂದ ಕಾರಣ ಕೆ.ಎ.ಎಸ್. ಪೂರ್ವಭಾವಿ ಪರೀಕ್ಷೆ. ಬಿ.ಎ. ಓದಿದ ನನಗೆ ಇತಿಹಾಸ, ಸಂವಿಧಾನ ಒಂದು ಲೆಕ್ಕವಲ್ಲ. ಸಾಮಾನ್ಯ ವಿಜ್ಞಾನ ಎಂಬ ಭಾಗ ಬಂದಾಗ ಮಾತ್ರ ಓದಿದ್ದೂ ಮರೆತುಹೋಗುತ್ತದೆ. ಹಿಂದಿನ ಎರಡು ಸಲವೂ ಅಲ್ಲೇ ಬಿದ್ದೆ. ವಯಸ್ಸಿನ ಮಿತಿ ಹತ್ತಿರ ಬಂದು, ಉಳಿದದ್ದು ಇದೊಂದೇ ಅವಕಾಶ. ಮನೆಯಲ್ಲಿ ಓದಲು ಕೂತರೆ ಕುರಿ ಕರೆಯುತ್ತವೆ, ಅದಕ್ಕೇ ಶಿರಾದಲ್ಲಿ ಒಂದು ರೂಮು ಮಾಡಿದೆ.

ಹೊರಟ ದಿನ ಹೊಸಕೋಟೆ ಬಸ್ ಸ್ಟ್ಯಾಂಡಿನವರೆಗೂ ಅಪ್ಪ ಬಂದಿದ್ದ. ಅಪ್ಪನಿಗೆ ಓದು ಬರಹ ಬಾರದು, ಬಸ್ಸಿನ ಬೋರ್ಡನ್ನೂ ನಾನೇ ಓದಿ ಹೇಳಬೇಕು. ನನ್ನ ತಮ್ಮ ತಿರುಮಣಿಯ ಸೋಲಾರ್ ಪಾರ್ಕಿನಲ್ಲಿ ಫಲಕ ತೊಳೆಯುವ ಕೆಲಸಕ್ಕೆ ಹೋಗುತ್ತಾನೆ, ಕುರಿಯ ಕಡೆ ತಿರುಗಿಯೂ ನೋಡುವುದಿಲ್ಲ. ನಾನು ಬಸ್ಸು ಹತ್ತಿ ಕಿಟಕಿ ಪಕ್ಕ ಕೂತ ಮೇಲೆ ಅಪ್ಪ ಕಂಬಿ ಹಿಡಿದುಕೊಂಡು ಹೇಳಿದ:

"ನೀನು ಪಾಸಾದ್ರೆ ಕುರಿ ಮಾರ್ಬುಡ್ತೀನಮ್ಮ. ನನ್ನ ಮೊಣಕಾಲು ಇನ್ನು ಮಾತು ಕೇಳಲ್ಲ. ಆಗ್ಲಿಲ್ಲ ಅಂದ್ರೆ ನಿಂಗೇ ಇರ್ಲಿ. ಅಲ್ಲೀಗಂಟ ಇಟ್ಕೊಂಡಿರ್ತೀನಿ."

ಧೈರ್ಯ ತುಂಬಲೆಂದೇ ಹೇಳಿದ್ದು. ಕುರಿಯಲ್ಲದೆ ಬೇರೆ ಕೊಡುವುದಕ್ಕೆ ಅಪ್ಪನ ಬಳಿ ಏನಿತ್ತು? ಆದರೆ ಪಾವಗಡದಲ್ಲಿ ಬಸ್ಸು ಬದಲಾಯಿಸುವ ಹೊತ್ತಿಗೆ ಆ ಮಾತಿನ ಇನ್ನೊಂದು ಅರ್ಥ ಹೊಳೆಯಿತು. ಪಾಸಾದರೆ ಮಂದೆ ಹೋಗುತ್ತದೆ, ಫೇಲಾದರೆ ನಾನು ಮಂದೆಯ ಹಿಂದೆ ಹೋಗುತ್ತೇನೆ. ಎರಡರಲ್ಲಿ ಯಾವುದಕ್ಕೆ ಹೆದರಬೇಕೋ ಗೊತ್ತಾಗದೆ ಎರಡಕ್ಕೂ ಹೆದರಿದೆ.

ರೂಮು ಮಹಡಿಯ ಮೇಲೆ, ತಲೆಯ ಮೇಲೆ ಶೀಟು. ಒಡತಿಯನ್ನು ಏನೆಂದು ಕರೆಯಲಿ ಎಂದು ಕೇಳಿದ್ದಕ್ಕೆ "ಖಾಲಾ ಅನ್ನು" ಎಂದರು. ಅವರ ಭಾಷೆಯಲ್ಲಿ ತಾಯಿಯ ತಂಗಿ, ನಮ್ಮಲ್ಲಿ ಚಿಕ್ಕಮ್ಮ. ನಮ್ಮ ಹಟ್ಟಿಯಲ್ಲಿ ಕನ್ನಡದೊಳಗೆ ತೆಲುಗು ಸೇರಿರುತ್ತದೆ, ಇಲ್ಲಿ ಕನ್ನಡದೊಳಗೆ ಉರ್ದು. ನಾನು ಬಾಯಿತಪ್ಪಿ ತೆಲುಗು ಆಡಿದರೆ ಖಾಲಾ ಬಾಯಿತಪ್ಪದೆ ಉರ್ದುವಿನಲ್ಲಿ ಉತ್ತರಿಸುತ್ತಿದ್ದರು, ಹೇಗೋ ಮಾತು ಮುಂದಕ್ಕೆ ಹೋಗುತ್ತಿತ್ತು. ಶುಕ್ರವಾರ ಒಂದು ತಟ್ಟೆ ಖುಸ್ಕಾ ಮೇಲೆ ಬರುತ್ತಿತ್ತು. ಬಿರಿಯಾನಿಯದೇ ಮಸಾಲೆ ಹಾಕಿ ಮಾಂಸವಿಲ್ಲದೆ ಮಾಡುವ ಅನ್ನ ಅದು. ಊರಲ್ಲಿ ಮುದ್ದೆ ಹುರುಳಿಸಾರು ಉಂಡು ಬೆಳೆದ ಹೊಟ್ಟೆ ಮೊದಲ ಎರಡು ವಾರ ತಕರಾರು ಮಾಡಿತು, ಆಮೇಲೆ ಶುಕ್ರವಾರಕ್ಕೆ ಕಾಯತೊಡಗಿತು.

ಬಸ್ ಸ್ಟ್ಯಾಂಡಿನ ಹಿಂದೆ ಒಂದು ಓದುವ ಹಾಲ್ ಇದೆ. ಅಲ್ಲಿ ನನ್ನ ಪಕ್ಕದ ಕುರ್ಚಿ ಮಂಗಳಾಳದು. ಕೊರಟಗೆರೆ ಕಡೆಯ ಹೊಳವನಹಳ್ಳಿಯ ಹುಡುಗಿ, ಶಿರಾದ ಅಕ್ಕನ ಮನೆಯಲ್ಲಿದ್ದುಕೊಂಡು ಇದೇ ಪರೀಕ್ಷೆಗೆ ಓದುತ್ತಿದ್ದಳು. ಅವಳು ಬಿ.ಎಸ್ಸಿ. ಇತಿಹಾಸ ಎಂದರೆ ಅವಳಿಗೆ ಆಕಳಿಕೆ. ನಾನು ಅವಳಿಗೆ ರಾಜವಂಶಗಳನ್ನು ಹೇಳಿಕೊಡುವುದು, ಅವಳು ನನಗೆ ಮಸೂರ, ಆಮ್ಲ, ರಕ್ತದ ಗುಂಪುಗಳನ್ನು ಹೇಳಿಕೊಡುವುದು ಎಂದು ಒಪ್ಪಂದವಾಯಿತು. ಆರನೇ ತರಗತಿಯ ವಿಜ್ಞಾನ ಪುಸ್ತಕದಿಂದ ಶುರುಮಾಡು ಎಂದಳು. ಅದನ್ನು ನಾನು ದಪ್ಪನೆಯ ಗೈಡಿನೊಳಗೆ ಇಟ್ಟುಕೊಂಡು ಓದುತ್ತಿದ್ದೆ.

"ಲೇ ರತ್ನ, ಯಾಕೆ ಬಚ್ಚಿಟ್ಕಂತೀಯ? ತಹಶೀಲ್ದಾರ್ ಆಗೋರೆಲ್ಲ ಆರನೇ ಕ್ಲಾಸ್ ದಾಟ್ಕಂಡೇ ಹೋಗಿರೋದು ಕಣೇ," ಎಂದು ಇಡೀ ಹಾಲಿಗೆ ಕೇಳುವಂತೆ ಹೇಳಿದಳು.

ಆ ಪುಸ್ತಕಗಳಲ್ಲಿ ನಾನು ಕಂಡ ಮೊದಲ ಮನುಷ್ಯ ನಾನೇ. ನೀರಿನ ಪಾಠದಲ್ಲಿ ಫ್ಲೋರೈಡ್ ಹೆಚ್ಚಾದರೆ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ ಎಂದಿತ್ತು. ನನ್ನ ಹಲ್ಲು ಹಾಗೇ ಇದೆ. ಹುಡುಗಿಯಾಗಿದ್ದಾಗ ಬೇವಿನ ಕಡ್ಡಿಯಲ್ಲಿ ಒಸಡಿನಿಂದ ರಕ್ತ ಬರುವ ಹಾಗೆ ಉಜ್ಜಿದ್ದೇನೆ. ಶಿರಾದಲ್ಲಿ ನಗುವಾಗ ಕೈ ತಾನಾಗಿ ಬಾಯಿಗೆ ಹೋಗುತ್ತಿತ್ತು. ಉಜ್ಜದೆ ಬಂದದ್ದಲ್ಲ ಎಂದು ಪುಸ್ತಕ ಹೇಳಿದಾಗ ಸಂತೋಷವೂ ಆಯಿತು, ಸಿಟ್ಟೂ ಬಂತು. ಇದನ್ನು ಯಾರಾದರೂ ಮೊದಲೇ ಹೇಳಬಾರದಿತ್ತೇ?

ಸಿಟ್ಟು ಬಂದು ಹೋಯಿತು, ಹೆದರಿಕೆ ಮಾತ್ರ ಹೋಗಲಿಲ್ಲ. ಈ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಬಂದ ಅಂಕವನ್ನೂ ಕಳೆಯುತ್ತಾರೆ. ಗೊತ್ತಿಲ್ಲದ್ದನ್ನು ಬಿಡಬಹುದು. ಗೊತ್ತಿದೆ ಅಂದುಕೊಂಡು ತಪ್ಪುವುದೇ ಅಪಾಯ. ಬೆಳಿಗ್ಗೆ ಎದ್ದ ಕೂಡಲೇ ವಿಟಮಿನ್‌ಗಳ ಹೆಸರು ನೆನಪಿಸಿಕೊಳ್ಳುತ್ತಿದ್ದೆ. ಒಂದು ಮರೆತಿದ್ದರೂ ಅವತ್ತು ತಿಂಡಿ ಸೇರುತ್ತಿರಲಿಲ್ಲ. ಖಾಲಾ ನನ್ನ ಮುಖ ನೋಡಿ, "ಇಷ್ಟು ಫಿಕರ್ ಮಾಡಿದ್ರೆ ಓದಿದ್ದು ಎಲ್ಲಿ ಕೂತ್ಕೊಳ್ಳೋದು ಬೇಟಿ?" ಎನ್ನುತ್ತಿದ್ದರು. ಫಿಕರ್ ಎಂದರೆ ಚಿಂತೆ. ಶಿರಾದಲ್ಲಿ ನಾನು ಹೆಚ್ಚು ಬಳಸಿದ ಪದ ಅದೇ ಇರಬೇಕು.

ಭಾನುವಾರಗಳಲ್ಲಿ ಹಾಲ್‌ನಲ್ಲಿ ಮಾದರಿ ಪರೀಕ್ಷೆ. ಒಂದು ಭಾನುವಾರ ವಿಜ್ಞಾನದ ಭಾಗದಲ್ಲಿ ಈ ಪ್ರಶ್ನೆ ಬಂತು: ಕುರಿಗಳಲ್ಲಿ ನೀಲಿ ನಾಲಿಗೆ ರೋಗ ಹೇಗೆ ಹರಡುತ್ತದೆ? ಓದಿ ಎದೆ ಅರಳಿತು. ಮಳೆಗಾಲದಲ್ಲಿ ಕುರಿಯ ಮೂತಿ ಊದಿ, ಬಾಯಿ ಹುಣ್ಣಾಗಿ, ಕುಂಟುತ್ತ ಮೇವು ಬಿಡುವ ಆ ಕಾಯಿಲೆಯನ್ನು ಮಡಿಲಲ್ಲಿಟ್ಟುಕೊಂಡು ನೋಡಿದವಳು ನಾನು. ತೇವದ ನೆಲ, ತೇವದ ಹುಲ್ಲು, ಇನ್ನೇನು? ಕೊಟ್ಟಿದ್ದ ನಾಲ್ಕು ಉತ್ತರಗಳಲ್ಲಿ 'ಒದ್ದೆ ಮೇವಿನಿಂದ' ಎಂಬುದಕ್ಕೆ ಉತ್ತರದ ಹಾಳೆಯಲ್ಲಿದ್ದ ಗುಂಡನ್ನು ಪೆನ್ನಿನಿಂದ ತುಂಬಿದೆ. ವಿಜ್ಞಾನದಲ್ಲಿ ನಾನು ಅನುಮಾನವಿಲ್ಲದೆ ತುಂಬಿದ ಮೊದಲ ಗುಂಡು ಅದು.

"ತಪ್ಪು ಕಣೇ. ಕಚ್ಚೋ ನುಸಿಯಿಂದ," ಎಂದಳು ಮಂಗಳಾ, ಆಮೇಲೆ ಉತ್ತರ ನೋಡುವಾಗ.

"ಕುರಿ ವಿಷ್ಯ ನಂಗೆ ಹೇಳ್ಕೊಡ್ತೀಯ?" ಎಂದು ರೇಗಿದೆ.

"ಪುಸ್ತಕದಾಗೆ ಇದ್ದುದ್ ಹೇಳ್ದೆ. ನಂಬಿಕೆ ಇಲ್ದಿದ್ರೆ ನಿಮ್ಮಪ್ಪಂಗೆ ಕೇಳು."

ಅವತ್ತೇ ಮಧ್ಯಾಹ್ನ ಫೋನ್ ಮಾಡಿದೆ. "ಏಮ್ಮಾ, ತಿಂಟಿವಾ?" ಎಂದ ಅಪ್ಪ. ತೆಲುಗಿನಲ್ಲಿ ಊಟವಾಯಿತಾ ಎಂದು. ಊಟದ ಮಾತು ಬಿಟ್ಟು ಕಾಯಿಲೆಯ ಮಾತು ತೆಗೆದೆ.

"ಅದು ನೆಲದ ತೇವಕ್ಕೆ ಬರೋದು. ನುಸಿಗ್ಯಾಕೆ ಬತ್ತದೆ?" ಎಂದ.

"ಮತ್ತೆ ಮಳೆಗಾಲದಲ್ಲಿ ದಿನಾ ಸಂಜೆ ರೊಪ್ಪದ ಸುತ್ತ ಹೊಗೆ ಯಾಕೆ ಹಾಕ್ತೀವಪ್ಪ?"

"ನುಸಿ ಕಡುದ್ರೆ ಕುರಿ ನಿದ್ದೆ ಮಾಡಲ್ಲಮ್ಮ, ಅದುಕ್ಕೆ. ನಮ್ಮಪ್ಪನೂ ಹಾಕ್ತಿದ್ದ."

ರೊಪ್ಪ ಎಂದರೆ ಕುರಿ ಕೂಡುವ ಬೇಲಿಯೊಳಗಿನ ಜಾಗ. ಅದರ ಸುತ್ತ ಹಸಿ ಬೇವಿನ ಸೊಪ್ಪು, ಲಕ್ಕಿ ಸೊಪ್ಪು ಹಾಕಿ ಹೊಗೆ ಎಬ್ಬಿಸುವುದು ನಮ್ಮ ಮನೆಯಲ್ಲಿ ನನ್ನ ಕೆಲಸವಾಗಿತ್ತು. ಫೋನ್ ಹಿಡಿದುಕೊಂಡೇ ನನಗೆ ಒಂದು ಮಳೆಗಾಲ ನೆನಪಾಯಿತು. ನಾನಾಗ ಹತ್ತನೇ ತರಗತಿ. ಅರ್ಧವಾರ್ಷಿಕ ಪರೀಕ್ಷೆಗೆ ಓದಬೇಕಿತ್ತು. ಹೊಗೆಯಲ್ಲಿ ಕಣ್ಣು ಉರಿಯುತ್ತದೆ, ಬಟ್ಟೆ ನಾರುತ್ತದೆ ಎಂದು ನೆಪ ಹೇಳಿ ಅವತ್ತು ಬಿಟ್ಟೆ, ಮರುದಿನ ಬಿಟ್ಟೆ, ಆಮೇಲೆ ಬಿಟ್ಟದ್ದೇ ಬಿಟ್ಟದ್ದು. ಆ ಮಳೆಗಾಲದಲ್ಲೇ ಕಾಯಿಲೆ ಬಂತು. ಮರಿಗಳನ್ನು ಗುಂಡಿ ತೋಡಿ ಹೂತೆವು. ಅವ್ವ ಎರಡು ದಿನ ಒಲೆ ಹಚ್ಚಲಿಲ್ಲ. ಎಲ್ಲರೂ ಮಳೆಯನ್ನು ಬೈದರು, ನಾನೂ ಬೈದೆ.

ನುಸಿಯಿಂದಲೇ ಬಂತು, ನಾನು ಹೊಗೆ ಹಾಕಿದ್ದರೆ ಬರುತ್ತಲೇ ಇರಲಿಲ್ಲ ಎಂದು ಯಾವ ಪುಸ್ತಕವೂ ಹೇಳುವುದಿಲ್ಲ. ಹೊಗೆ ಲಸಿಕೆಯಲ್ಲ. ಆದರೂ ಇಷ್ಟು ವರ್ಷ ನನ್ನ ಕೈಯಾರೆ ಮಾಡಿದ ಕೆಲಸವನ್ನು ನಾನು ಒಮ್ಮೆಯೂ ಯೋಚಿಸಿ ನೋಡಿರಲಿಲ್ಲ. ಒಂದು ವಾರ ಆ ಮರಿಗಳು ನನ್ನನ್ನು ಓದಲು ಬಿಡಲಿಲ್ಲ. ಪುಸ್ತಕ ತೆರೆದರೆ ಗುಂಡಿಯೇ ಕಾಣುತ್ತಿತ್ತು. ಪರೀಕ್ಷೆಗೆ ದಿನಗಳು ಕರಗುತ್ತಿದ್ದವು. ಕೊನೆಗೆ ತಡೆಯಲಾರದೆ ಮತ್ತೆ ಫೋನ್ ಮಾಡಿ ಅಪ್ಪನಿಗೆ ಹೇಳಿಬಿಟ್ಟೆ, ಆ ಮಳೆಗಾಲ ಹೊಗೆ ಹಾಕಿರಲಿಲ್ಲ ಎಂದು.

ಆ ಕಡೆ ಟಗರಿನ ಗಂಟೆ ಕೇಳುತ್ತಿತ್ತು.

"ಗೊತ್ತಿತ್ತು ಬುಡಮ್ಮ," ಎಂದ. "ಹೊಗೆ ಕಾಣದಿದ್ರೆ ನಂಗೆ ಗೊತ್ತಾಗಲ್ವಾ? ಓದ್ಕತಾವ್ಳೆ, ಓದ್ಕಳ್ಳಿ ಅಂತ ಸುಮ್ನಿದ್ದೆ. ನಾನಾದ್ರೂ ಹಾಕಬೋದಿತ್ತು, ಹಾಕ್ಲಿಲ್ಲ."

ಅಪ್ಪ ಅಷ್ಟಕ್ಕೇ ಆ ಮಾತು ಮುಗಿಸಿ, "ಇನ್ಮ್ಯಾಲೆ ತಪ್ಪಿಸಲ್ಲ. ನೀನು ಉಣ್ಣು, ಓದ್ಕೋ," ಎಂದು ಫೋನ್ ಇಟ್ಟ. ಅವತ್ತು ಖಾಲಾ ಕೊಟ್ಟ ಚಹಾ ಕುಡಿದೆ, ಎರಡು ಬನ್ನು ತಿಂದೆ, ಸಂಜೆ ಹಾಲ್‌ಗೆ ಹೋಗಿ ಮಂಗಳಾಳ ಪಕ್ಕ ಕೂತೆ.

ಅಲ್ಲಿಂದ ನನಗೊಂದು ಅಭ್ಯಾಸವಾಯಿತು. ಗೊತ್ತಿದೆ ಅನ್ನಿಸಿದ ಪ್ರತಿ ಪ್ರಶ್ನೆಗೂ, ಇದು ನಾನು ನೋಡಿದ್ದೋ ಇಲ್ಲ ಯಾರೋ ಹೇಳಿದ್ದೋ ಎಂದು ನನ್ನನ್ನೇ ಕೇಳಿಕೊಳ್ಳುವುದು. ಉಪ್ಪು, ಹುಳಿ, ಸುಣ್ಣ, ತುಕ್ಕು, ಹಾಲು ಒಡೆಯುವುದು, ಮಡಕೆಯ ನೀರು ತಣ್ಣಗಾಗುವುದು, ಹೀಗೆ ಸಾಮಾನ್ಯ ವಿಜ್ಞಾನದ ಮುಕ್ಕಾಲು ಭಾಗ ನಮ್ಮ ಹಟ್ಟಿಯಲ್ಲೇ ಇತ್ತು. ಅದಕ್ಕೆ ಕೊಟ್ಟುಕೊಂಡಿದ್ದ ಕಾರಣಗಳನ್ನು ಮಾತ್ರ ಒಂದೊಂದಾಗಿ ಬಿಚ್ಚಿ ನೋಡಬೇಕಾಯಿತು.

ಪರೀಕ್ಷೆ ತುಮಕೂರಿನಲ್ಲಿ ಮುಗಿಯಿತು. ಪತ್ರಿಕೆಯಲ್ಲಿ ಕುರಿ ಇರಲಿಲ್ಲ. ಗೊತ್ತಿಲ್ಲದ್ದನ್ನು ಬಿಟ್ಟೆ, ಗೊತ್ತಿದೆ ಅನ್ನಿಸಿದ್ದನ್ನು ಎರಡು ಸಲ ಕೇಳಿಕೊಂಡು ಗುಂಡು ತುಂಬಿದೆ. ಮಾರನೆಯ ದಿನ ಊರಿಗೆ ಹೋದೆ. ಅವ್ವ ಕೊಟ್ಟ ಚೊಂಬಿನ ನೀರು ಬಾಯಿಗೆ ಹಾಕಿದರೆ ಗಂಟಲು ಹಿಡಿದುಕೊಂಡಿತು. ಉಗುಳುವುದೋ ನುಂಗುವುದೋ ತಿಳಿಯದೆ ಕಣ್ಣು ಮುಚ್ಚಿ ನುಂಗಿದೆ. ಅವ್ವ ಅದನ್ನು ನೋಡಿ ಚೊಂಬು ತೆಗೆದುಕೊಂಡು ಒಳಗೆ ಹೋದಳು. ಸಂಜೆ ಸೊಪ್ಪು ತಂದು ರೊಪ್ಪದ ಸುತ್ತ ಹೊಗೆ ಹಾಕಿದೆ. ಕಣ್ಣು ಉರಿದು ನೀರು ಸುರಿಯಿತು. ಕುರಿಗಳು ನನ್ನ ಗುರುತು ಮರೆತಿರಲಿಲ್ಲ, ಅದೇ ಕಷ್ಟವಾಯಿತು.

ಈಗ ಮತ್ತೆ ಶಿರಾದಲ್ಲಿದ್ದೇನೆ. ಮೊನ್ನೆ ಸರಿ ಉತ್ತರಗಳ ಪಟ್ಟಿ ಬಂತು. ಖಾಲಾರ ಜಗುಲಿಯಲ್ಲಿ ಕೂತು ಮಂಗಳಾ ಓದಿದಳು, ನಾನು ಗುರುತು ಹಾಕಿದೆ. ಎರಡು ಸಲ ಕೂಡಿ ನೋಡಿ, "ಆಯ್ತು ಕಣೇ, ಈ ಸಲ ಆಯ್ತು," ಎಂದು ಅವಳು ನನ್ನ ಬೆನ್ನಿಗೆ ಗುದ್ದಿದಳು. ಖಾಲಾ ಒಳಗಿನಿಂದ ಸಕ್ಕರೆ ತಂದು ಬಾಯಿಗೆ ಹಾಕಿದರು. ನಾನೂ ನಕ್ಕೆ, ಕೈ ಬಾಯಿಗೆ ಹೋಗಲಿಲ್ಲ.

ಅಪ್ಪ ದಿನಾ ಕೇಳುತ್ತಾನೆ, ಏನಾಯ್ತಮ್ಮ ಎಂದು. ಇನ್ನೂ ಗೊತ್ತಾಗಿಲ್ಲಪ್ಪ ಎನ್ನುತ್ತೇನೆ. ಮುಖ್ಯ ಪರೀಕ್ಷೆ ಬಾಕಿ ಇದೆ, ಸಂದರ್ಶನ ಇದೆ. ಅಪ್ಪನಿಗೆ ಈ ಭೇದ ತಿಳಿಯದು, ಪಾಸು ಎಂದರೆ ಪಾಸು, ಮುಂದಿನ ಸಂತೆಗೇ ಮಂದೆ ಹೊರಟುಬಿಡುತ್ತದೆ. ಆದರೆ ನಾನು ಹೇಳದಿರುವುದು ಮುಂದಿನ ಪರೀಕ್ಷೆಗಳು ಬಾಕಿ ಇವೆ ಎಂದಲ್ಲ. ನನಗೆ ಆ ಮಂದೆ ಇರುವ, ಹೊಗೆ ತಪ್ಪದ ಇನ್ನೊಂದು ಮಳೆಗಾಲ ಬೇಕು. ಹೊಸಕೋಟೆ ಕಡೆಯವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ಅಪ್ಪನಿಗೆ ಹೇಳಬೇಡಿ. ಸಂಜೆ ಆ ದಾರಿಯಲ್ಲಿ ಹೋದಾಗ ನಮ್ಮ ರೊಪ್ಪದಲ್ಲಿ ಹೊಗೆ ಏಳುತ್ತಿತ್ತೇ ಎಂದು ಮಾತ್ರ ನನಗೆ ತಿಳಿಸಿ.