ಕಿವಿ ಪಂಡಿತರ ಸಹವಾಸ

"ಇಯರ್‌ಫೋನ್ ಅನಬ್ಯಾಡ್ರಿ ವೈನಿ, ಐಇಎಂ ಅನ್ರಿ" ಅಂತ ನನ್ನ ಮೈದುನ ಮೊದಲ ಸಲ ನನ್ನನ್ನು ತಿದ್ದಿದ್ದು ಊಟಕ್ಕೆ ಕೂತಾಗ. ಕೈಯಲ್ಲಿ ರೊಟ್ಟಿ ಹಿಡಿದುಕೊಂಡೇ ಪಾಠ ಶುರುಮಾಡಿದ. ಐಇಎಂ ಅಂದರೆ ಇನ್-ಇಯರ್ ಮಾನಿಟರ್. ದೊಡ್ಡ ದೊಡ್ಡ ಹಾಡುಗಾರರು ವೇದಿಕೆಯ ಮೇಲೆ ತಮ್ಮ ದನಿ ತಮಗೆ ಕೇಳಲಿ ಅಂತ ಕಿವಿಯೊಳಗೆ ಹಾಕಿಕೊಳ್ಳುವ ಯಂತ್ರ. ಈಗ ಅದು ಚೀನಾದಿಂದ ಅಗ್ಗದಲ್ಲಿ ಬರುತ್ತದೆ, ಸಾಮಾನ್ಯರಿಗೂ ಎಟಕುತ್ತದೆ. ನನ್ನ ಮೈದುನ ವೇದಿಕೆ ಹತ್ತಿದವನಲ್ಲ. ಸಾಂಗ್ಲಿ ಮಾರ್ಕೆಟ್ ಯಾರ್ಡಿನಲ್ಲಿ ನಮ್ಮ ಮನೆತನದ ಅರಿಷಿಣದ ವ್ಯಾಪಾರ ಇದೆ, ಅಲ್ಲಿ ಗಾದಿಯ ಮೇಲೆ ಕೂರುತ್ತಾನೆ. ಅವನು ಬಚ್ಚಲಮನೆಯಲ್ಲಿ ಕೂಡ ಒಂದು ಸಾಲು ಹಾಡಿದ್ದನ್ನು ನಾನು ಕೇಳಿಲ್ಲ.

ನನಗೆ ಬೇಕಾಗಿದ್ದದ್ದು ಬಹಳ ಸಣ್ಣದು. ನಾನು ಮಿರಜಿನ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತೇನೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಆ ಹೊತ್ತು ಮಾತ್ರ ನನ್ನನ್ನು ಯಾರೂ ಏನೂ ಕೇಳುವುದಿಲ್ಲ, ಹಾಗಾಗಿ ಹಾಡು ಕೇಳುತ್ತೇನೆ. ನನ್ನ ಇಯರ್‌ಫೋನಿನ ಎಡಗಡೆ ಸತ್ತುಹೋಗಿತ್ತು. ಮೈದುನನ ಕಪಾಟಿನಲ್ಲಿ ಅಂಥವು ರಾಶಿ ಬಿದ್ದಿದ್ದವು, ಒಂದು ಕೊಡು ಅಂದೆ. ಅಷ್ಟಕ್ಕೆ ಅವನ ಧರ್ಮಬೋಧೆ ಬೆನ್ನು ಹತ್ತಿತು.

ಅವನ ಪದ್ಧತಿ ಹೀಗೆ. ಹೊಸದೊಂದು ಬಂದಿತು ಅಂದರೆ ಸ್ವರ್ಗವೇ ಇಳಿದು ಬಂದಂತೆ. "ಸ್ಟೇಜ್ ಎಷ್ಟ ಅಗಲ ಐತಿ ನೋಡ್ರಿ, ತಬಲಾ ಇಲ್ಲೆ, ಸಾರಂಗಿ ಅಲ್ಲೆ" ಅನ್ನುತ್ತಾ ಗಾಳಿಯಲ್ಲಿ ಬೆರಳಾಡಿಸುತ್ತಿದ್ದ. ಅದಕ್ಕಿಂತ ಸ್ವಲ್ಪ ಹೆಚ್ಚು ಬೆಲೆಯದು ಮನೆಗೆ ಬಂದ ದಿನವೇ ಹಳೆಯದರ ದನಿಗೆ ಕಂಬಳಿ ಹೊದಿಸಿದಂತೆ ಆಗಿಬಿಡುತ್ತಿತ್ತು. ನಿನ್ನೆ ಸ್ವರ್ಗವಾಗಿದ್ದದ್ದು ಇವತ್ತು ಕಂಬಳಿಯೊಳಗೆ ಹೇಗೆ ಹೋಯಿತು ಅಂತ ಕೇಳಿದರೆ "ನಿಮ್ಮ ಕಿವಿ ಇನ್ನೂ ತಯಾರ ಆಗಿಲ್ಲ" ಅನ್ನುತ್ತಿದ್ದ.

ಅವನು ಹಾಡು ಕೇಳುತ್ತಲೇ ಇರಲಿಲ್ಲ. ಒಂದೇ ಹಾಡು, ಅದರ ಮೊದಲ ಸಾಲು, ಕಣ್ಣು ಮುಚ್ಚಿ ಕೇಳುವುದು, ನಿಲ್ಲಿಸುವುದು, ಇನ್ನೊಂದು ಜೋಡಿ ತುರುಕಿಕೊಳ್ಳುವುದು, ಮತ್ತೆ ಅದೇ ಸಾಲು. ಒಮ್ಮೆ ನನ್ನ ಅತ್ತಿ ಕುತೂಹಲದಿಂದ ಒಂದು ಬದಿಯದನ್ನು ತಮ್ಮ ಕಿವಿಗೆ ಹಚ್ಚಿಕೊಂಡರು. ಹೆಂಗಸಿನ ದನಿ ಚಲೋ ಇತ್ತಂತೆ, ಅತ್ತಿ ತಲೆದೂಗಲು ಶುರುಮಾಡಿದ್ದರು. ಇವನು ಹಾಡು ನಿಲ್ಲಿಸಿಬಿಟ್ಟ.

"ಮುಂದ ಏನ ಹಾಡತಾಳೋ ಆಕಿ?"

"ಮುಂದ ಬೇಕಾಗಿಲ್ಲವ್ವಾ. ಇಷ್ಟರಾಗ ಎಲ್ಲಾ ತಿಳೀತೈತಿ."

ಅತ್ತಿ ಆ ವಸ್ತುವನ್ನು ತೆಗೆದು ಅವನ ತೊಡೆಯ ಮೇಲೆ ಇಟ್ಟು ಮೆಂತ್ಯೆಸೊಪ್ಪು ಸೋಸಲು ಹೋದರು.

ನನಗೆ ಅವನು ಕೊಟ್ಟದ್ದು ತನ್ನ ಕಪಾಟಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕಂಬಳಿ ಹೊದ್ದಿದ್ದ ಒಂದು ಜೋಡಿಯನ್ನು. ಅದು ನನ್ನ ಕಿವಿಯಲ್ಲಿ ನಿಲ್ಲಲಿಲ್ಲ. ಬಸ್ಸು ಒಂದು ಗುಂಡಿ ಹಾರಿದರೆ ಉದುರಿ ಮಡಿಲಿಗೆ ಬೀಳುತ್ತಿತ್ತು. ಹೇಳಿದಾಗ ಅವನು ನನ್ನ ಕಿವಿ ನೋಡಿ, ನಾನೇ ಏನೋ ತಪ್ಪು ಮಾಡಿದಂತೆ, "ನಿಮ್ಮ ಕಿವಿ ಭಾಳ ಸಣ್ಣ ಅದಾವ್ರಿ ವೈನಿ" ಅಂದ. ಅವನು ದಿನಾ ನೋಡುವ ವಿಡಿಯೋಗಳಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಗಡ್ಡ ಬಿಟ್ಟ ಗಂಡಸರು, ದೊಡ್ಡ ದೊಡ್ಡ ಕಿವಿಯವರು, ಯಂತ್ರದ ಗುಣದೋಷ ಎಣಿಸುತ್ತಿದ್ದರು. ಅದು ಕಿವಿಯಲ್ಲಿ ಕೂರುತ್ತದೋ ಇಲ್ಲವೋ ಅನ್ನುವುದನ್ನು ಮಾತ್ರ ಯಾರೂ ಹೇಳುತ್ತಿರಲಿಲ್ಲ.

ಮಳೆಗಾಲದ ಒಂದು ಶನಿವಾರ ಈ ಪಂಡಿತರದೊಂದು ಸಭೆ ಕೂಡಿತು. ಮಿರಜಿನಲ್ಲಿ ಮೊಬೈಲ್ ಕವರ್ ಮಾರುವ ಒಬ್ಬ ಗೆಳೆಯನ ಮನೆಯ ಮೇಲಿನ ಖೋಲಿ. ಬುಧಗಾಂವದಿಂದ ಒಬ್ಬ, ಕಸಬೆ ಡಿಗ್ರಜದಿಂದ ಒಬ್ಬ, ನನ್ನ ಮೈದುನ, ಮತ್ತು ಮುಖ್ಯ ಅತಿಥಿಯಾಗಿ ಪುಣೆಯಿಂದ ಒಬ್ಬ. ಪುಣೆಯವನು ಇಂಥ ಅಗ್ಗದ ಐಇಎಂಗಳ ಬಗ್ಗೆ ವಿಡಿಯೋ ಮಾಡುವವನು, ನನ್ನ ಮೈದುನನ ಪಾಲಿಗೆ ಸ್ವಾಮಿಗಳಿಗಿಂತ ಒಂದು ಮೆಟ್ಟಿಲು ಮೇಲೆ. ಆ ದಿನ ನನ್ನ ಡ್ಯೂಟಿ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಅತ್ತಿ ಕೊಟ್ಟ ಚಕ್ಕುಲಿ ಡಬ್ಬಿಯನ್ನು ಅಲ್ಲಿಗೆ ತಲುಪಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. "ನಿಮಗೂ ಒಂದ ಚಲೋದ ಆರಿಸಿ ಕೊಡ್ತೀವಿ" ಎಂಬ ಆಸೆಯನ್ನೂ ಮೈದುನ ತೋರಿಸಿದ್ದ.

ಆ ಮನೆ ತಂಬೂರಿ ಮಾಡುವವರ ಓಣಿಯಲ್ಲಿತ್ತು. ನಾನು ಮೆಟ್ಟಿಲು ಹತ್ತುವಾಗ ಎದುರಿನ ಅಂಗಡಿಯಲ್ಲಿ ಯಾರೋ ತಂಬೂರಿಯ ತಂತಿ ಬಿಗಿದು ಶ್ರುತಿ ಕೂಡಿಸುತ್ತಿದ್ದರು. ಮೇಲೆ ಐದು ಜನ ಚಾಪೆಯ ಮೇಲೆ ಸುತ್ತ ಕೂತಿದ್ದರು, ನಡುವೆ ಟವೆಲ್ ಹಾಸಿ ಅದರ ಮೇಲೆ ಹತ್ತಾರು ಜೋಡಿ. ಆ ದಿನದ ಮದುಮಗ ಹಸಿರು ಬಣ್ಣದ್ದು, ಹೊಸದಾಗಿ ಬಂದಿತ್ತು. ಕಪ್ಪು ಬಣ್ಣದ ಹಳೆಯದೊಂದಕ್ಕೆ ಇದು ಸರಿಸಾಟಿಯೋ ಅಲ್ಲವೋ ಎಂಬುದೇ ಚರ್ಚೆ. ಹಸಿರಿನದಕ್ಕೆ ಬೆಳ್ಳಿಬಣ್ಣದ ಹೆಣೆದ ಕೇಬಲ್ ಹಾಕಿದ್ದರು. ಆ ಕೇಬಲ್ಲಿನ ಬೆಲೆ ಐಇಎಂಗಿಂತ ಹೆಚ್ಚು ಅಂತ ಬುಧಗಾಂವದವನು ನನಗೆ ಹೆಮ್ಮೆಯಿಂದ ಹೇಳಿದ.

ಪುಣೆಯವನು ಕೈ ಎತ್ತಿದ. "ಖಿಡಕಿ ಬಂದ್ ಕರಾ. ಬಾಹೇರಚಾ ಆವಾಜ್ ಯೇತೋ" ಅಂದ. ಕಿಟಕಿ ಹತ್ತಿರ ನಿಂತಿದ್ದವಳು ನಾನು. ಹೊರಗಿನ ತಂಬೂರಿಯ ಸಪ್ಪಳ ಅವನಿಗೆ ಅಡ್ಡಿಯಾಗಿತ್ತು. ಕಿಟಕಿ ಹಾಕಿದೆ. ಆಮೇಲೆ ಅವನು ಮೊಬೈಲಿನಲ್ಲಿ ಒಂದು ರೆಕಾರ್ಡಿಂಗ್ ಹಚ್ಚಿ, ಹಸಿರಿನದನ್ನು ಕಿವಿಗೆ ತುರುಕಿಕೊಂಡು, ಇದರಲ್ಲಿ ತಂಬೂರಿ ಎಷ್ಟು ಸಹಜವಾಗಿ ಬರುತ್ತದೆ ಕೇಳಿ ಅಂತ ಎಲ್ಲರಿಗೂ ದಾಟಿಸಿದ. ನಾನು ಜೋರಾಗಿ ನಕ್ಕುಬಿಟ್ಟೆ. ಐದು ಮುಖಗಳೂ ನನ್ನ ಕಡೆ ತಿರುಗಿದವು. ಯಾರಿಗೂ ಅರ್ಥವಾಗಲಿಲ್ಲ. ಮೊಬೈಲಿನಲ್ಲಿ ಏನೋ ನೋಡಿ ನಕ್ಕಿರಬೇಕು ಅಂದುಕೊಂಡರು.

ಕಿಟಕಿ ಹಾಕಿದ ಖೋಲಿ ಹಬೆಯಾಡುವ ಅಡಿಗೆಮನೆಯಂತಾಯಿತು. ಎಲ್ಲರ ಕುತ್ತಿಗೆಯಲ್ಲೂ ಬೆವರು. ಹಸಿರಿನದು ಒಬ್ಬನ ಕಿವಿಯಿಂದ ಇನ್ನೊಬ್ಬನ ಕಿವಿಗೆ, ಅಲ್ಲಿಂದ ಮತ್ತೊಬ್ಬನ ಕಿವಿಗೆ ಹೋಗುತ್ತಿತ್ತು. ಯಾರೂ ಒರೆಸಲಿಲ್ಲ. ತುದಿಯ ಸಿಲಿಕೋನ್ ಟೋಪಿಯ ಮೇಲೆ ಕಿವಿಯ ಹಳದಿ ಗುಗ್ಗೆ ಮೆತ್ತಿಕೊಂಡಿದ್ದು ನಾನು ನಿಂತಲ್ಲಿಗೇ ಕಾಣುತ್ತಿತ್ತು. ನನ್ನ ವೃತ್ತಿಯೇ ಅಂಥದ್ದು, ಒಬ್ಬರ ಮೈಗೆ ತಾಗಿದ್ದು ಇನ್ನೊಬ್ಬರಿಗೆ ತಾಗಬಾರದು.

"ಒರೆಸಿ ಹಾಕ್ಕೋಳ್ರಿ, ನನ್ನ ಚೀಲದಾಗ ಸ್ಪಿರಿಟ್ ಹತ್ತಿ ಐತಿ" ಅಂದೆ.

ಪುಣೆಯವನು ಮಕ್ಕಳಿಗೆ ನಗುವಂತೆ ನಕ್ಕ. ಸ್ಪಿರಿಟ್ ಹಚ್ಚಿದರೆ ಟೋಪಿಯ ಹಿಡಿತ ಹೋಗುತ್ತದೆ, ಹಿಡಿತ ಹೋದರೆ ಬಾಸ್ ಅನ್ನುವ ಮಂದ್ರದ ದನಿ ಹೋಗುತ್ತದೆ, ಮನೆಯಲ್ಲಿ ಹಾಡು ಕೇಳುವವರಿಗೆ ಇದೆಲ್ಲ ಬೇಕಾಗುವುದಿಲ್ಲ ಬಿಡಿ ಅಂತ ಮರಾಠಿಯಲ್ಲಿ ಹೇಳಿದ. ನನ್ನ ಮೈದುನ ನಾಚಿಕೆಯಿಂದ ಕೆಂಪಾದ. ನಾಚಿಕೆ ನನ್ನ ಸಲುವಾಗಿ.

"ವೈನಿ, ಇಲ್ಲೆ ದವಾಖಾನಿ ತರಬ್ಯಾಡ್ರಿ. ನೀವೂ ಒಂದ ಸಲ ಕೇಳ್ರಿ, ತಗೋರಿ."

"ಒಲ್ಲೆ" ಅಂದೆ. "ಆದ್ರ ಒಂದ ಹೇಳ್ರಿ. ಹಾಡ ಹೆಂಗಿತ್ತು?"

"ಯಾವ ಹಾಡ?" ಅಂದ ಕಸಬೆ ಡಿಗ್ರಜದವನು. ಅವನು ಆಗಷ್ಟೇ ಕಿವಿಯಿಂದ ತೆಗೆದಿದ್ದ.

ಚಕ್ಕುಲಿ ಡಬ್ಬಿ ಅಲ್ಲೇ ಬಿಟ್ಟು ಕೆಳಗಿಳಿದೆ.

ವಾರ ಕಳೆದಿರಬೇಕು, ಮೈದುನ ಬಲಗಿವಿ ಕೆರೆದುಕೊಳ್ಳಲು ಶುರುಮಾಡಿದ. ಮೊದಲು ಕಿರುಬೆರಳು, ಆಮೇಲೆ ಸ್ಕೂಟರಿನ ಕೀಲಿಕೈ. ಈ ನಡುವೆ ಅವನೂ ಒಂದು ಹಸಿರಿನದನ್ನು ತರಿಸಿಕೊಂಡಿದ್ದ. ಒಂದು ಬೆಳಿಗ್ಗೆ ಚಹಾ ಕುಡಿಯುತ್ತಾ ಗಂಭೀರವಾಗಿ ಹೇಳಿದ:

"ವೈನಿ, ಈ ಪೀಸ್ ಖರಾಬ್ ಬಂದೈತಿ. ಬಲಗಡೆ ಸಪ್ಪಳ ಕಡಿಮಿ. ಎಡಬಲ ಸಮ ಇಲ್ಲ."

"ತಿರುಗಿಸಿ ಹಾಕ್ಕೊಂಡ ನೋಡು. ಬಲದ್ದು ಎಡಗಿವಿಗೆ, ಎಡದ್ದು ಬಲಗಿವಿಗೆ."

ಹಾಕಿಕೊಂಡ. ಕಣ್ಣು ಮುಚ್ಚಿದ. ಅದೇ ಒಂದು ಸಾಲು ಕೇಳಿದ. ನಾನು ಕಾಯುತ್ತಾ ನಿಂತೆ. ಅತ್ತಿ ಕೂಡ ಒಲೆ ಸಣ್ಣ ಮಾಡಿ ಬಂದು ನಿಂತರು.

"ಈಗ?"

"ಈಗೂ ಬಲಗಡೇನ ಕಡಿಮಿ."

"ಹಂಗಾರ?"

ಅವನು ಎರಡನ್ನೂ ತೆಗೆದು ಅಂಗೈಯಲ್ಲಿಟ್ಟು ನೋಡಿದ. "ಎರಡೂ ಖರಾಬ್ ಅದಾವ ಕಾಣ್ತೈತಿ" ಅಂದ.

ಕಾಲೇಜು ಮುಗಿಸಿದ ಮನುಷ್ಯ. ಅರಿಷಿಣದ ಬೇರನ್ನು ಮುರಿದು ಒಳಗಿನ ಬಣ್ಣ ನೋಡಿ ದರ ಹೇಳುವವನು. ಎಲ್ಲ ಬುದ್ಧಿಯನ್ನೂ ಅಂಗಡಿಯಲ್ಲಿ ಬಿಟ್ಟು ಬರುತ್ತಾನೋ ಏನೋ. ಎರಡು ದಿನದಲ್ಲಿ ಕಿವಿ ಬಾತು, ರೊಟ್ಟಿ ಅಗಿಯಲೂ ಆಗದೆ ಹಾಲನ್ನ ಉಣ್ಣುವ ಸ್ಥಿತಿಗೆ ಬಂದ. ಮಿರಜಿಗೆ ನನ್ನ ಜೊತೆಗೇ ಕರೆದುಕೊಂಡು ಹೋದೆ.

ಕಿವಿ ಡಾಕ್ಟರ ಕೋಣೆಯ ಹೊರಗಿನ ಬೆಂಚಿನ ಮೇಲೆ ಮೊಬೈಲ್ ಕವರಿನ ಗೆಳೆಯ ಎಡಗಿವಿಗೆ ಕರ್ಚೀಫು ಒತ್ತಿ ಹಿಡಿದು ಕೂತಿದ್ದ. ಇಬ್ಬರೂ ಮೊದಲು ಒಬ್ಬರನ್ನೊಬ್ಬರು ನೋಡದವರಂತೆ ನಟಿಸಿದರು. ಆಮೇಲೆ ಮೆಲ್ಲಗೆ ಮಾತು ಹೊರಟಿತು. ಕಿವಿ ನೋವಿನ ಬಗ್ಗೆ ಇರಬೇಕು ಅಂತ ನಾನು ಕಿವಿಗೊಟ್ಟೆ. ಬೆಳ್ಳಿಬಣ್ಣದ ಕೇಬಲ್ಲಿಗಿಂತ ತಾಮ್ರದ್ದೇ ಹಸಿರಿನದಕ್ಕೆ ಹೊಂದುತ್ತದೆ ಅಂತ ಮಾತಾಡುತ್ತಿದ್ದರು.

ಡಾಕ್ಟರಮ್ಮ ಕಿವಿಯೊಳಗೆ ಸಣ್ಣ ಕ್ಯಾಮೆರಾ ಬಿಟ್ಟು ಪರದೆಯ ಮೇಲೆ ತೋರಿಸಿದರು. ಹಳಸಿದ ರೊಟ್ಟಿಯ ಮೇಲೆ ಬರುವ ಬೂಷ್ಟಿನಂತೆ ಬಿಳಿ ನೂಲು, ಅದರ ಮೇಲೆ ಕರಿ ಚುಕ್ಕಿ. ನಡುನಡುವೆ ಅರಿಷಿಣದ ಧೂಳು ಸೇರಿ ಕಡುಹಳದಿಯಾದ ಗುಗ್ಗೆ. ಯಾರ ಜೊತೆ ಏನು ಹಂಚಿಕೊಂಡಿರಿ ಅಂತ ಕೇಳಿದರು. ನಾನೇ ಹೇಳಿದೆ. ಈ ವಾರ ಇಂಥ ಕಿವಿ ಇದೇ ಮೊದಲನೆಯದಲ್ಲ ಅಂತ ಅವರು ಬೆಂಚಿನ ಕಡೆ ನೋಡಿದರು. ಯಂತ್ರದಿಂದ ಎಳೆದು ತೆಗೆಯುವಾಗ ಮೈದುನ ಕೂಗಿದ ಕೂಗು ಹೊರಗೆ ಕೂತವರಿಗೆಲ್ಲ ಕೇಳಿಸಿತು. ಔಷಧ ಹಚ್ಚಿದ ಪಟ್ಟಿ ತುರುಕಿ, ಪೂರಾ ಆರಾಮ ಆಗುವ ತನಕ ಕಿವಿಗೆ ಏನೂ ಹಾಕಬಾರದು ಅಂದರು.

ಇಲ್ಲಿಗೆ ಮುಗಿದಿದ್ದರೆ ನನಗೆ ಅವನ ಮೇಲೆ ಕನಿಕರವಾದರೂ ಉಳಿಯುತ್ತಿತ್ತು.

ಅಷ್ಟರಲ್ಲಿ ಪುಣೆಯವನ ವಿಡಿಯೋ ಬಂತು. ಮೈದುನ ಒಂದೇ ಕಿವಿಯಲ್ಲಿ ಅದನ್ನು ಕೇಳುತ್ತಾ ಕೂತಿದ್ದಾಗ ನಾನೂ ಹಿಂದಿನಿಂದ ನೋಡಿದೆ. ಹಸಿರಿನದನ್ನು ಅವನು ಮಾತಿನಲ್ಲೇ ಹರಿದು ಹಾಕಿದ್ದ. ಇದರ ಮೇಲಿನ ಸ್ವರಗಳು ಬಹಳ ಚೂಪು, ಸ್ವಲ್ಪ ಹೊತ್ತು ಕೇಳಿದರೆ ಕಿವಿ ಉರಿಯುತ್ತದೆ, ಒಳಗೆ ಕಡಿತ ಏಳುತ್ತದೆ, ರಾತ್ರಿ ಮಲಗಿದರೂ ನೋವು ಹೋಗುವುದಿಲ್ಲ, ಇಂಥ ಟ್ಯೂನಿಂಗ್ ಮಾಡಿದವರಿಗೆ ನಾಚಿಕೆಯಾಗಬೇಕು ಅಂತ. ಮಾತಾಡುತ್ತಾ ನಡುನಡುವೆ ಕಿವಿಯ ಹಾಲೆ ಎಳೆದುಕೊಳ್ಳುತ್ತಿದ್ದ.

"ಅಂವಗ ಫೋನ್ ಮಾಡಿ ಡಾಕ್ಟರ್ ಕಡೆ ಹೋಗಂತ ಹೇಳೋ" ಅಂದೆ.

"ಏನಿಲ್ರಿ ವೈನಿ, ಅಂವಗ ಭಾಳ ಅನುಭವ ಐತಿ. ಟ್ಯೂನಿಂಗೂ ಇರಬಹುದು."

ಕೆಳಗೆ ಜನ ಸಾಲುಸಾಲಾಗಿ ನನಗೂ ಉರಿಯಿತು, ನನಗೂ ಚುಚ್ಚಿತು ಅಂತ ಬರೆದಿದ್ದರು. ಅವರಲ್ಲಿ ಬಹಳಷ್ಟು ಜನ ಆ ಖೋಲಿಗೆ ಬಂದವರಲ್ಲ. ಬೂಷ್ಟು ಅವರಿಗೆ ಯಾವ ದಾರಿಯಿಂದ ಅಂಟಿತು ಅನ್ನುವುದನ್ನು ನಮ್ಮ ಲ್ಯಾಬಿನಲ್ಲಿ ಪರೀಕ್ಷೆ ಮಾಡುವುದಕ್ಕೆ ಬರುವುದಿಲ್ಲ.

ಆ ವಾರವೇ ನನ್ನ ಮೈದುನ ಕೂಡ ತನ್ನ ಪಂಡಿತ ಬಳಗದ ಮೊಬೈಲ್ ಗುಂಪಿನಲ್ಲಿ ಕಪ್ಪಿನದಕ್ಕೂ ಹಸಿರಿನದಕ್ಕೂ ಉದ್ದನೆಯ ಹೋಲಿಕೆ ಬರೆದು ಹಾಕಿದ. ಬಾಸ್ ಹೇಗೆ, ದನಿ ಹೇಗೆ, ಸ್ಟೇಜ್ ಎಷ್ಟು ಅಗಲ. ಬಲಗಿವಿಯಲ್ಲಿ ಔಷಧದ ಪಟ್ಟಿ ಇನ್ನೂ ಇತ್ತು, ಅದರ ತುದಿ ಹೊರಗೆ ಇಣುಕುತ್ತಿತ್ತು.

"ಇದನ್ನ ಯಾವ ಕಿವೀಲೆ ಕೇಳಿದಿ?" ಅಂದೆ.

"ನೆಟ್ಟಿನಾಗ ಅದರ ಸಪ್ಪಳದ ಗ್ರಾಫ್ ನೋಡೀನಲ್ರಿ" ಅಂದ. ಸಾವಿರ ಸಲ ಧನ್ಯವಾದ ಹೇಳಿದವರು ಗುಂಪಿನಲ್ಲಿ ಇದ್ದರು.

ಹಸಿರಿನದಕ್ಕೆ ಮರ್ಯಾದೆ ಹೋಗಿದ್ದರಿಂದ ಅದು ನನ್ನ ಪಾಲಿಗೆ ಬಂತು. "ತಗೋರಿ ವೈನಿ, ಬಸ್ಸಿನಾಗ ನಡೀತೈತಿ" ಅಂತ ಕೊಟ್ಟ. ನಾನು ಅದರ ಟೋಪಿಗಳನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿದೆ. ಉಳಿದದ್ದನ್ನು ಸ್ಪಿರಿಟ್ ಹಚ್ಚಿ ಉಜ್ಜಿದೆ. ಅದು ಬಂದ ಡಬ್ಬಿಯ ತಳದಲ್ಲಿ ಯಾರೂ ಮುಟ್ಟದ ಒಂದು ಪೊಟ್ಟಣ ಇತ್ತು, ಅದರಲ್ಲಿ ಎಲ್ಲಕ್ಕಿಂತ ಸಣ್ಣ ಅಳತೆಯ ಟೋಪಿಗಳು. ಹಾಕಿಕೊಂಡೆ. ಕೂತಿತು. ಬಸ್ಸು ಎಷ್ಟು ಕುಲುಕಿದರೂ ಅಲುಗಲಿಲ್ಲ.

ಆ ಬೆಳಿಗ್ಗೆ ನಾನು ಒಂದು ಹಳೆಯ ಭಾವಗೀತೆಯನ್ನು ಮೊದಲಿನಿಂದ ಕೊನೆಯ ತನಕ ಕೇಳಿದೆ. ಚರಣ ಹಿಡಿಯುವ ಮುಂಚೆ ಹಾಡುವವಳು ಎಳೆದುಕೊಂಡ ಉಸಿರು ಕೂಡ ಕೇಳಿಸಿತು. ಎಷ್ಟೋ ವರ್ಷದಿಂದ ಕೇಳುತ್ತಿದ್ದ ಹಾಡಿನಲ್ಲಿ ಹಿಂದೆ ಎಲ್ಲೋ ಒಂದು ಕೊಳಲು ಇದೆ ಅಂತ ಆವತ್ತೇ ಗೊತ್ತಾಯಿತು. ಯಂತ್ರ ನಿಜಕ್ಕೂ ಚಲೋ ಇತ್ತು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಇಂಥದ್ದನ್ನು ಕೈಯಲ್ಲಿ ಇಟ್ಟುಕೊಂಡು ಆ ಐದು ಜನ ಮಾಡಿದ್ದೇನು? ಮಿರಜ್ ಸ್ಟ್ಯಾಂಡ್ ಬಂದರೂ ಇಳಿಯದೆ ಕೂತಿದ್ದೆ, ಕಂಡಕ್ಟರ್ ಬಂದು ಎಬ್ಬಿಸಬೇಕಾಯಿತು.

ದೀಪಾವಳಿ ಹೊತ್ತಿಗೆ ಎಲ್ಲರ ಕಿವಿಗಳೂ ವಾಸಿಯಾದವು. ಪುಣೆಯವನ ಕಿವಿಯೂ ವಾಸಿಯಾಗಿರಬೇಕು, ಯಾಕೆಂದರೆ ಅವನ ಹೊಸ ವಿಡಿಯೋ ಬಂತು. ಹಸಿರಿನದನ್ನು ಕಂಪನಿಯವರು ಯಾರಿಗೂ ಹೇಳದೆ ಸದ್ದಿಲ್ಲದೆ ಸುಧಾರಿಸಿದ್ದಾರೆ, ಹೊಸ ಬ್ಯಾಚಿನಲ್ಲಿ ಉರಿ ಇಲ್ಲ, ಕಡಿತ ಇಲ್ಲ, ಎಷ್ಟು ಹೊತ್ತಾದರೂ ಕೇಳಬಹುದು, ತನ್ನ ಟೀಕೆಯ ಪರಿಣಾಮ ಇದು ಅಂತ. ನನ್ನ ಮೈದುನ ಆ ದಿನವೇ ಹೊಸ ಬ್ಯಾಚಿನದನ್ನು ತರಿಸಲು ಹೇಳಿಬಿಟ್ಟ.

ಅದು ಬಂದ ಮೇಲೆ ನನ್ನ ಎದುರು ಕೈ ಚಾಚಿ ನಿಂತ. "ಹಳೇ ಬ್ಯಾಚಿಂದ ಒಂದೀಟ ಕೊಡ್ರಿ ವೈನಿ, ಹೋಲಿಸಿ ನೋಡ್ತೀನಿ."

"ಕೊಡಂಗಿಲ್ಲ. ನನ್ನ ಕಿವ್ಯಾಗ ಹೋದದ್ದು ಇನ್ನೊಬ್ಬರ ಕಿವ್ಯಾಗ ಹೋಗಂಗಿಲ್ಲ."

ಅವನು ಬೇಸರ ಮಾಡಿಕೊಳ್ಳಲಿಲ್ಲ. ಹೋಲಿಸಿ ನೋಡುವ ಅವಶ್ಯಕತೆಯೂ ಅವನಿಗೆ ಬೀಳಲಿಲ್ಲ. ನಾನು ಪಾತ್ರೆ ತೊಳೆದು ಬರುವಷ್ಟರಲ್ಲಿ, ಹಳೆಯದಕ್ಕೂ ಹೊಸದಕ್ಕೂ ಅಜಗಜಾಂತರ ಅಂತ ಬರೆದು ಗುಂಪಿಗೆ ಕಳಿಸಿದ್ದ.